ಶಾಸನದ ಮೇಲೆ ಪಿಎಚ್‌ಡಿ: ಹಂಪಿ ಕನ್ನಡ ವಿವಿಯೋ, ಮೈಸೂರೋ? ಗೊತ್ತಿದ್ದವರು ಹೇಳಿ

ದೊಡ್ಡಕ್ಕ: ತಂಗಿ ಕನ್ನಡ ಎಂ.ಎ. ಮುಗಿಸಿದ್ದಾಳೆ, 62 ಪರ್ಸೆಂಟ್. ಶಾಸನಗಳ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತ ಹಟ. ಹಂಪಿ ಕನ್ನಡ ವಿಶ್ವವಿದ್ಯಾಲಯ ಸಣ್ಣದು, ಮೈಸೂರಿಗೇ ಹೋಗಲಿ ಅಂತಾರೆ ಅಪ್ಪ. ಫೆಲೋಶಿಪ್, ಮುಂದಿನ ಕೆಲಸ, ಹುಡುಗಿಯರಿಗೆ ಹಾಸ್ಟೆಲ್ ಹೇಗೆ? ದಯವಿಟ್ಟು ತಿಳಿಸಿ.

ಕಲ್ಬರಹ: ಸಣ್ಣದು ಅಂತ ಮೂಗು ಮುರಿಯುವವರನ್ನು ಕಂಡು ಸಾಕಾಗಿದೆ. 1991ರಲ್ಲಿ ಸಂಶೋಧನೆಗೆಂದೇ ಕಟ್ಟಿದ ವಿವಿ ಅದು, ಕಂಬಾರರು ಮೊದಲ ಕುಲಪತಿ. ನೂರಾರು ಪದವಿ ಕಾಲೇಜುಗಳ ಪರೀಕ್ಷೆ, ಮೌಲ್ಯಮಾಪನದ ಹೊರೆ ಅದರ ತಲೆ ಮೇಲಿಲ್ಲ. ಜಿಲ್ಲಾವಾರು ಶಾಸನ ಸಂಪುಟಗಳನ್ನೂ ಆ ವಿವಿ ತಂದಿದೆ. ಹಂಪಿ ಪಕ್ಕದ ಕಮಲಾಪುರದಲ್ಲಿ ಕೂತು ಓದೋದಕ್ಕೂ, ಗ್ರಂಥಾಲಯದಲ್ಲಿ ಫೋಟೋ ನೋಡಿ ಓದೋದಕ್ಕೂ ಅಜಗಜಾಂತರ.

ಶಾಸನ ಅಂದರೆ ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರದ ಅಚ್ಚನ್ನು ಕಾಗದದ ಮೇಲೆ ತೆಗೆಯಲು ಬರಬೇಕು. ಕಲ್ಲನ್ನು ನೀರು ಹಾಕಿ ನಾರಿನ ಬ್ರಷ್‌ನಲ್ಲಿ ಉಜ್ಜಿ, ಪಾಚಿ, ಸುಣ್ಣ ಎಲ್ಲ ಬಿಡಿಸಬೇಕು. ತಂತಿ ಬ್ರಷ್ ಮುಟ್ಟಿಸಲೇಬಾರದು. ಒದ್ದೆ ಕಾಗದ ಹಾಸಿ, ಗಟ್ಟಿ ಬ್ರಷ್‌ನಿಂದ ಮಧ್ಯದಿಂದ ಅಂಚಿಗೆ ಬಡಿಯುತ್ತಾ ಗಾಳಿ ಹೊರಗೆ ಹಾಕಬೇಕು. ಕಾಗದ ಅಕ್ಷರದ ಕುಳಿಗೆ ಇಳಿದು ಅರೆ ಒಣಗಿದ ಮೇಲೆಯೇ ಮಸಿ. ಮಸಿ ತೆಳುವಾದರೆ ಕುಳಿಯೊಳಗೂ ಇಳಿದು ಅಕ್ಷರ ಮುಚ್ಚಿಹೋಗುತ್ತೆ. ನೀರು ಜಾಸ್ತಿಯಾದರೆ ಒತ್ತಕ್ಷರ ಇರೋ ಕಡೆಯೇ ಕಾಗದ ಹರಿಯುತ್ತೆ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಬೇಕು. ಇದನ್ನು ಹೇಳಿಕೊಡೋ ಗುರು ಎಲ್ಲಿದ್ದಾರೋ ಅಲ್ಲಿಗೆ ಹೋಗಲಿ, ಅಷ್ಟೇ.

ಬಾಕಿ_ಬಿಲ್ಲು: ಮಸಿ, ಕಾಗದ ಇರಲಿ ಸ್ವಾಮಿ, ಹೊಟ್ಟೆಗೇನು? ಯಾವ ವಿವಿ ಅಂತ ಹೆಸರು ಹೇಳಲ್ಲ, ಸಣ್ಣ ಕಡೆ ಎಲ್ಲಾ ಇದೇ ಹಾಡು. ಯುಜಿಸಿ (ವಿವಿ ಅನುದಾನ ಆಯೋಗ) ಕೊಡೋ ಕಿರಿಯ ಫೆಲೋಶಿಪ್ ಜೆಆರ್‌ಎಫ್ ಅಂದರೆ ತಿಂಗಳಿಗೆ 37,000, ಹಿರಿಯ ಫೆಲೋಶಿಪ್ ಎಸ್‌ಆರ್‌ಎಫ್ ಆದಮೇಲೆ 42,000, 2023ರ ಜನವರಿಯಿಂದ ಇದೇ ದರ. ಆದರೆ ದುಡ್ಡು ತಾನಾಗಿ ಬರಲ್ಲ. ಪ್ರತಿ ತಿಂಗಳು ವಿವಿಯ 'ಮೇಕರ್' (ವಿವರ ತುಂಬುವವ) ಫೆಲೋಶಿಪ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಏರಿಸಬೇಕು, 'ಚೆಕರ್' (ಪರಿಶೀಲಿಸುವವ) ಒಪ್ಪಬೇಕು. ದೊಡ್ಡ ವಿವಿಯಲ್ಲಿ ಅದಕ್ಕೆ ಒಂದು ಶಾಖೆಯೇ ಇರುತ್ತೆ. ಸಣ್ಣ ಕಡೆ ಒಬ್ಬನೇ ಗುಮಾಸ್ತ. ಅವನಿಗೆ ವರ್ಗ ಆಯ್ತು ಅಂದರೆ ಲಾಗಿನ್ ಅವನ ಮೊಬೈಲ್ ನಂಬರ್ ಜೊತೆಗೇ ಹೋಯ್ತು. ಹೊಸಬನ ಹೆಸರಿಗೆ ಬದಲಾಗೋವರೆಗೂ ಎಲ್ಲರದ್ದೂ ನಿಂತಿರುತ್ತೆ. ಎರಡು ವರ್ಷ ತುಂಬಿದ ಮೇಲೆ ಮೂವರ ಸಮಿತಿ ಕೂತು ವರದಿ ಕೊಡದಿದ್ದರೆ ಎಸ್‌ಆರ್‌ಎಫ್ ದರ ಸಿಗಲ್ಲ. ಕಂಟಿಂಜೆನ್ಸಿ, ಅಂದರೆ ಸಂಶೋಧನೆಯ ಸಣ್ಣಪುಟ್ಟ ಖರ್ಚಿನ ಹಣ, ಕಲಾ ವಿಭಾಗಕ್ಕೆ ಮೊದಲೆರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500. ಅದರಲ್ಲಿ ಕ್ಷೇತ್ರಕಾರ್ಯದ ಬಸ್ಸು, ಜೆರಾಕ್ಸ್, ಬೈಂಡಿಂಗ್ ಎಲ್ಲಾ. ಬಿಲ್ಲಲ್ಲಿ ಅಂಗಡಿಯ ಜಿಎಸ್‌ಟಿ ನಂಬರ್ ಇಲ್ಲ ಅಂತ ವಾಪಸ್ ಕಳಿಸ್ತಾರೆ, ಹಳ್ಳಿ ಆಟೋದವನ ಹತ್ತಿರ ಜಿಎಸ್‌ಟಿ ಎಲ್ಲಿಂದ ತರೋದು?

ಕಲ್ಬರಹ: ಗುಮಾಸ್ತನ ಕಷ್ಟಕ್ಕೂ ವಿದ್ಯೆಗೂ ಏನು ಸಂಬಂಧ? ದೊಡ್ಡ ವಿವಿಯಲ್ಲಿ ಕಡತ ಕಳೆದುಹೋಗಲ್ವಾ?

ಬಾಕಿ_ಬಿಲ್ಲು: ಬಾಡಿಗೆ ಕಟ್ಟೋರಿಗೆ ಸಂಬಂಧ ಗೊತ್ತಾಗುತ್ತೆ ಬಿಡಿ.

ಸೆಟ್_ಗುರು: ಮೂಲ ಪ್ರಶ್ನೆ ಬಿಟ್ಟು ಜಗಳ ಆಡಬೇಡಿ. ಅಕ್ಕಾ, ಮೊದಲು ನೆಟ್ (ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಸಿ. 2024ರ ಜೂನ್‌ನಿಂದ ಮೂರು ದರ್ಜೆ: ಜೆಆರ್‌ಎಫ್, ಸಹಾಯಕ ಪ್ರಾಧ್ಯಾಪಕ ಅರ್ಹತೆ ಜೊತೆ ಪಿಎಚ್‌ಡಿ, ಬರೀ ಪಿಎಚ್‌ಡಿ. ಕೊನೆಯ ಎರಡಕ್ಕೆ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30 ತೂಕ, ಪ್ರವೇಶಕ್ಕೆ ಒಂದು ವರ್ಷ ಮಾತ್ರ ಊರ್ಜಿತ. ಯಾವ ವಿವಿ ಯಾವುದನ್ನು ಒಪ್ಪುತ್ತೆ ಅನ್ನೋದನ್ನು ಅಧಿಸೂಚನೆಯಲ್ಲೇ ನೋಡಿ, ಬಾಯಿಮಾತು ನಂಬಬೇಡಿ. ನೆಟ್ ಮೊದಲ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ನಮ್ಮ ಕನ್ನಡ ಎಂ.ಎ. ಮಕ್ಕಳು ಎಡವೋದು ಅಲ್ಲೇ. ಕೆ-ಸೆಟ್‌ನಲ್ಲಿ (ರಾಜ್ಯಮಟ್ಟದ ಅರ್ಹತಾ ಪರೀಕ್ಷೆ) ಅದು ಕನ್ನಡದಲ್ಲೂ ಇರುತ್ತೆ, ಆದರೆ ಫೆಲೋಶಿಪ್ ಇಲ್ಲ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯವೂ ಅಲ್ಲ. ಕೆಲಸವೇ ಗುರಿಯಾದರೆ ಸೆಟ್ ಸಾಕು.

ಇನ್ನೊಂದು, ವಿವಿ ನೋಡೋಕೆ ಮುಂಚೆ ಮಾರ್ಗದರ್ಶಕರ ಜನ್ಮದಿನಾಂಕ ನೋಡಿ! 2022ರ ಯುಜಿಸಿ ನಿಯಮದಂತೆ ನಿವೃತ್ತಿಗೆ ಮೂರು ವರ್ಷದೊಳಗೆ ಇರುವವರು ಹೊಸ ವಿದ್ಯಾರ್ಥಿಯನ್ನು ತಗೊಳ್ಳೋ ಹಾಗಿಲ್ಲ. ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಜನ, ಅಷ್ಟೇ. ಮೂವರು ಅಧ್ಯಾಪಕರ ವಿಭಾಗದಲ್ಲಿ ಒಬ್ಬರು ನಿವೃತ್ತಿ ಅಂಚಲ್ಲಿ, ಇನ್ನೊಬ್ಬರ ಸೀಟು ಭರ್ತಿ ಅಂದರೆ ಪ್ರವೇಶ ಪರೀಕ್ಷೆ ಪಾಸಾಗಿಯೂ ಮನೆಗೆ ಬರಬೇಕು.

ಹೈಕ_ಹುಡುಗ: ಹಂಪ್ಯಾಗ ಓದಿದ್ರ 371ಜೆ, ಅಂದ್ರ ಕಲ್ಯಾಣ ಕರ್ನಾಟಕದ ಮೀಸಲಾತಿ ಸಿಗತದಲ್ರಿ, ಅದನ್ಯಾರೂ ಹೇಳವಲ್ರಿ.

ಸೆಟ್_ಗುರು: ಇಲ್ಲಪ್ಪಾ. ಅಲ್ಲಿ ಪಿಎಚ್‌ಡಿ ಮಾಡಿದ ಮಾತ್ರಕ್ಕೆ 371ಜೆ ಬರಲ್ಲ. ಅದು ಸ್ಥಳೀಯರಿಗೆ, ಉಪವಿಭಾಗಾಧಿಕಾರಿ ಕೊಡೋ ಅರ್ಹತಾ ಪ್ರಮಾಣಪತ್ರ ಬೇಕು. ಇದನ್ನು ನಂಬಿ ಬೆಂಗಳೂರಿನ ಹುಡುಗರು ಅರ್ಜಿ ಹಾಕಿ ಪರಿಶೀಲನೆಯಲ್ಲಿ ಹೊರಬೀಳ್ತಾರೆ.

ಹೈಕ_ಹುಡುಗ: ನಮ್ಮ ಸೀಟಿಗೆ ಅರ್ಜಿ ಹಾಕೋದು ಯಾಕ ಮತ್ತ? ಎಲ್ಲಾ ಬೇಕ್ರಿ ಇವರಿಗೆ.

ಬೆಂಗಳೂರಿಗ: ಇದರಲ್ಲಿ ಬೆಂಗಳೂರು ಎಲ್ಲಿಂದ ಬಂತು? ಸಾಮಾನ್ಯ ಸೀಟು ಎಲ್ಲರದ್ದೂ.

ನುಡಿಗೆ_ನಮಸ್ಕಾರ: ಯಾರೂ ಹೇಳದ ವಿಷಯ ಇದು. ಪ್ರಬಂಧವನ್ನು 'ನುಡಿ' ತಂತ್ರಾಂಶದ ಹಳೇ ಆಸ್ಕಿ ಫಾಂಟಲ್ಲಿ (ಯೂನಿಕೋಡ್‌ಗೆ ಮುಂಚಿನದು) ಟೈಪ್ ಮಾಡಿಸಲೇಬೇಡಿ. ಪಿಎಚ್‌ಡಿ ಪ್ರಬಂಧಗಳ ಜಾಲತಾಣ ಶೋಧಗಂಗಾಕ್ಕೆ ಪಿಡಿಎಫ್ ಏರಿಸಿದರೆ ಹುಡುಕಾಟದಲ್ಲಿ ಒಂದು ಪದವೂ ಸಿಗಲ್ಲ. ಕೃತಿಚೌರ್ಯ ತಪಾಸಣೆಯ ತಂತ್ರಾಂಶಕ್ಕೂ ಅದು ಕನ್ನಡ ಅಂತ ಗೊತ್ತಾಗಲ್ಲ. ಬೇರೆಯವರ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್ ಮೀರಬಾರದು ಅನ್ನೋ ನಿಯಮಕ್ಕೆ ಸೊನ್ನೆ ಬಂದರೂ ಕಷ್ಟ, ಕೆಲವು ಕಡೆ 'ಓದಲಾಗಲಿಲ್ಲ' ಅಂತ ವಾಪಸ್ ಬರುತ್ತೆ. ಕೊನೆಗೆ ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ಎಲ್ಲೋ ಹೋಗುತ್ತೆ, ಅಡಿಟಿಪ್ಪಣಿಯ ಇಂಗ್ಲಿಷ್ ಹೆಸರುಗಳೆಲ್ಲ ಕನ್ನಡದ ಕಸವಾಗುತ್ತೆ. ಶಾಸನಪಾಠ ಅಂದಮೇಲೆ ಹಳಗನ್ನಡದ ಱ, ೞ ಅಕ್ಷರಗಳು ಬೇರೆ ಇರುತ್ತೆ. ಮೊದಲ ದಿನದಿಂದ ಯೂನಿಕೋಡ್.

ಕಲ್ಬರಹ: ಯೂನಿಕೋಡಲ್ಲಿ ಡಿಟಿಪಿ ಮಾಡಿ ಪುಟ ಕಟ್ಟೋರು ಎಷ್ಟು ಜನ ಸಿಗ್ತಾರೆ ಹೊಸಪೇಟೆಯಲ್ಲಿ?

ನುಡಿಗೆ_ನಮಸ್ಕಾರ: ಡಿಟಿಪಿ ಅಂಗಡಿ ಯಾಕೆ ಸರ್, ಲಿಬ್ರೆ ಆಫೀಸಲ್ಲಿ ಆ ಹುಡುಗಿಯೇ ಮಾಡ್ಕೊಳ್ಳಲಿ. ಪುಟಕ್ಕಿಷ್ಟು ಅಂತ ಕೊಟ್ಟು ತಪ್ಪು ತಿದ್ದಿಸೋಕೆ ಮತ್ತೆ ಅಷ್ಟೇ ಕೊಡೋ ಬದಲು.

ಬಾಕಿ_ಬಿಲ್ಲು: ಆ ಡಿಟಿಪಿ ಬಿಲ್ಲಿಗೂ ಜಿಎಸ್‌ಟಿ ಕೇಳ್ತಾರೆ, ನೆನಪಿರಲಿ.

ದೊಡ್ಡಕ್ಕ: ಎಲ್ಲರಿಗೂ ಧನ್ಯವಾದ. ಹಾಸ್ಟೆಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಹೈಕ_ಹುಡುಗ: ಅಕ್ಕಾರ, ಮೊದಲು 371ಜೆ ವಿಷಯ ಮುಗೀಲಿ.