ಎಲ್ಲ ಸ್ಕೇಲೂ ಒಂದೇ ಥರ ಕೇಳಿಸುತ್ತಿದೆ: ಡೋರಿಯನ್, ಫ್ರಿಜಿಯನ್ ನುಡಿಸಿದರೂ ಭಾವ ಬದಲಾಗುತ್ತಿಲ್ಲ

ಆರುತಂತಿ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಅಕೂಸ್ಟಿಕ್ ಗಿಟಾರ್ ಹಿಡಿದು ಎರಡು ವರ್ಷ ಆಯಿತು. ಕಾರ್ಡ್ ಹಿಡಿದು ಹಾಡಿಗೆ ನುಡಿಸುವುದು ಬರುತ್ತದೆ. ಮೂರು ತಿಂಗಳಿಂದ ಮೋಡ್‌ಗಳನ್ನು (ಅವೇ ಏಳು ಸ್ವರಗಳನ್ನು ಬೇರೆ ಬೇರೆ ಸ್ವರದಿಂದ ಶುರು ಮಾಡುವ ಸ್ಕೇಲ್‌ಗಳು) ಕಲಿಯುತ್ತಿದ್ದೇನೆ. ಏಳೂ ಬಾಯಿಪಾಠ ಆಗಿವೆ. ಬೆರಳೂ ಓಡುತ್ತದೆ.

ಆದರೆ ಕಿವಿಗೆ ಏನೂ ಆಗುತ್ತಿಲ್ಲ. ಫ್ರಿಜಿಯನ್ ಅಂದರೆ ಕತ್ತಲು, ಲಿಡಿಯನ್ ಅಂದರೆ ತೇಲಿದ ಹಾಗೆ, ಡೋರಿಯನ್ ಅಂದರೆ ದುಃಖದಲ್ಲೂ ಸ್ವಲ್ಪ ಬೆಳಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಏಳೂ ಸಿ ಮೇಜರ್ ಹಾಗೇ ಕೇಳಿಸುತ್ತವೆ. ಸಿ ಇಂದ ಸಿ, ಆಮೇಲೆ ಡಿ ಇಂದ ಡಿ, ಇ ಇಂದ ಇ. ಹೀಗೆ ದಿನಾ ಅರ್ಧ ಗಂಟೆ ಮೆಟ್ರೊನೋಮ್ ಹಾಕಿಕೊಂಡು ನುಡಿಸುತ್ತೇನೆ. ಎಲ್ಲಿ ತಪ್ಪುತ್ತಿದೆ? ನನ್ನ ಕಿವಿಯಲ್ಲೇ ಏನಾದರೂ ಕೊರತೆ ಇದೆಯಾ? ಅಥವಾ ಈ ಭಾವದ ಮಾತೆಲ್ಲ ಸುಮ್ನೆ ಹೇಳುವುದಾ?

ಫ್ರೆಟ್‌ಗೆಳೆಯ (ಸೋಮವಾರ, ರಾತ್ರಿ 10:15)

ಸುಮ್ನೆ ಹೇಳುವುದಲ್ಲ. 2013ರಲ್ಲಿ ಡೇವಿಡ್ ಟೆಂಪರ್ಲಿ ಮತ್ತು ಡ್ಯಾಫ್ನಿ ಟಾನ್ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಸಂಗೀತ ಕಲಿಯದವರಿಗೆ ಒಂದೇ ಮಟ್ಟನ್ನು ಬೇರೆ ಬೇರೆ ಮೋಡ್‌ನಲ್ಲಿ ಕೇಳಿಸಿ, ಎರಡರಲ್ಲಿ ಯಾವುದು ಜಾಸ್ತಿ ಖುಷಿ ಅಂತ ಕೇಳಿದರು. ಅಯೋನಿಯನ್, ಅಂದರೆ ನಮ್ಮ ಮೇಜರ್ ಸ್ಕೇಲ್, ಎಲ್ಲಕ್ಕಿಂತ ಮೇಲೆ ಬಂತು. ಫ್ರಿಜಿಯನ್ ಎಲ್ಲಕ್ಕಿಂತ ಕೆಳಗೆ. ಆದರೆ ಒಂದು ವಿಷಯ ಗಮನಿಸಿ. ಅವರು ಎಲ್ಲ ಮೋಡ್‌ಗೂ ಆಧಾರ ಸ್ವರವನ್ನು ಸಿ ಮೇಲೇ ಇಟ್ಟಿದ್ದರು. ನೀವು ಪ್ರತಿ ಸಲ ಅದನ್ನು ಬದಲಿಸುತ್ತಿದ್ದೀರಿ. ಅಲ್ಲೇ ಏನೋ ಇದೆ ಅನ್ನಿಸುತ್ತದೆ.

ಮೆಟ್ರೊನೋಮ್ ಎಷ್ಟಕ್ಕೆ ಇಟ್ಟಿದ್ದೀರಿ?

ಆರುತಂತಿ (ಸೋಮವಾರ, ರಾತ್ರಿ 10:22)

120. ಒಂದು ಬಡಿತಕ್ಕೆ ಎರಡು ಸ್ವರ.

ಶ್ರುತಿಪೆಟ್ಟಿಗೆ (ಮಂಗಳವಾರ, ಬೆಳಿಗ್ಗೆ 6:50)

ನಿಮಗೊಂದು ಪ್ರಶ್ನೆ. ಇ ಇಂದ ಇ ನುಡಿಸಿ ಮುಗಿಸಿದ ಮೇಲೆ ಒಂದು ಕ್ಷಣ ಸುಮ್ಮನಿರಿ. ಇನ್ನೊಂದು ಸ್ವರ ಮೀಟಿದರೆ ಪೂರ್ತಿಯಾಗುತ್ತದೆ ಅನ್ನಿಸುತ್ತದಾ? ಅದು ಯಾವ ಸ್ವರ?

ಆರುತಂತಿ (ಮಂಗಳವಾರ, ಬೆಳಿಗ್ಗೆ 7:30)

ಈಗಷ್ಟೇ ನೋಡಿದೆ ಮೇಡಂ. ಸಿ. ಯಾವ ಮೋಡ್ ನುಡಿಸಿದರೂ ಕೊನೆಗೆ ಸಿ ಬೇಕು ಅನ್ನಿಸುತ್ತದೆ.

ಶ್ರುತಿಪೆಟ್ಟಿಗೆ (ಮಂಗಳವಾರ, ರಾತ್ರಿ 8:05)

ಹಾಗಾದರೆ ನಿಮ್ಮ ಕಿವಿ ಚೆನ್ನಾಗಿದೆ. ಅದು ಮೂರು ತಿಂಗಳಿಂದ ಸಿ ಯನ್ನೇ ಷಡ್ಜ ಅಂತ ಹಿಡಿದುಕೊಂಡು ಕೂತಿದೆ. ನೀವು ಎಲ್ಲಿಂದ ಶುರು ಮಾಡಿದರೂ ಅದಕ್ಕೆ ಅದೇ ಏಳು ಸ್ವರ, ಅದೇ ಸ. ಭಾವ ಹೇಗೆ ಬದಲಾಗಬೇಕು?

ನಾನು ಹತ್ತು ವರ್ಷ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿತು ಆಮೇಲೆ ಗಿಟಾರಿಗೆ ಬಂದವಳು. ನಮ್ಮ ಪಾಠದಲ್ಲಿ ಸ್ವರಕ್ಕಿಂತ ಮೊದಲು ಶ್ರುತಿ. ತಂಬೂರಿ ಮೀಟಿ ಅಥವಾ ಶ್ರುತಿಪೆಟ್ಟಿಗೆ ಹಾಕಿ ಆಮೇಲೆ ಬಾಯಿ ತೆರೆಯುವುದು. ರಿ, ಗ, ಮ ಇವಕ್ಕೆಲ್ಲ ಬಣ್ಣ ಬರುವುದು ಹಿಂದೆ ಸ ಮೊಳಗುತ್ತಿರುವಾಗ. ನೀವು ಮಾಡುತ್ತಿರುವುದಕ್ಕೆ ನಮ್ಮಲ್ಲಿ ಗ್ರಹಭೇದ ಎನ್ನುತ್ತಾರೆ. ಸ್ವರಗಳನ್ನು ಹಾಗೇ ಬಿಟ್ಟು ಷಡ್ಜವನ್ನು ಸರಿಸುವುದು. ಮೋಹನ ರಾಗದ ಸ್ವರಗಳಲ್ಲೇ ರಿ ಯನ್ನು ಸ ಮಾಡಿದರೆ ಮಧ್ಯಮಾವತಿ, ಗ ಮಾಡಿದರೆ ಹಿಂದೋಳ. ಆದರೆ ಅದು ಕೇಳುಗರಿಗೆ ದಾಟಬೇಕಾದರೆ ಹೊಸ ಷಡ್ಜ ಗಟ್ಟಿಯಾಗಿ ನಿಲ್ಲಬೇಕು. ಕಲಿಯುವವರಿಗೆ ಅದು ಮೊದಲ ಪಾಠ ಅಲ್ಲ.

ಹೀಗೆ ಮಾಡಿ. 6ನೇ ತಂತಿಯನ್ನು ಇ ಇಂದ ಡಿ ಗೆ ಇಳಿಸಿ. ಸುಮಾರು 82 ಹರ್ಟ್ಸ್ ಇದ್ದದ್ದು 73ಕ್ಕೆ ಬರುತ್ತದೆ. 4ನೇ ತಂತಿಯ ಜೊತೆ ಮೀಟಿದಾಗ ಎರಡೂ ಒಂದಕ್ಕೊಂದು ಬೆರೆತು ಹೋಗಬೇಕು. ಈಗ 6, 5, 4ನೇ ತಂತಿಗಳು ತೆರೆದಾಗ ಡಿ, ಎ, ಡಿ. ಅಂದರೆ ಸ, ಪ, ಸ. ತಂಬೂರಿ ಕೈಯಲ್ಲೇ ಇದೆ. ಹಾರ್ಮೋನಿಯಂನವರು ಬಿಳಿ ಎರಡು ಎನ್ನುವ ಶ್ರುತಿ ಇದು.

ಹೆಬ್ಬೆರಳಿನಿಂದ ಈ ಮೂರನ್ನು ನಿಧಾನವಾಗಿ ಮೀಟುತ್ತಿರಿ. ನಾದ ಸಾಯುವ ಮೊದಲೇ ಮತ್ತೆ ಮೀಟಿ. ಸ್ವರ ನುಡಿಸುವುದು 2ನೇ ತಂತಿಯಲ್ಲಿ ಮಾತ್ರ. ಒಂದೇ ತಂತಿಯಲ್ಲಿ ನುಡಿಸಿದರೆ ಸ್ವರಗಳ ನಡುವಿನ ದೂರ ಕಣ್ಣಿಗೂ ಕಾಣುತ್ತದೆ, ಕೈಗೂ ಗೊತ್ತಾಗುತ್ತದೆ. 3ನೇ ತಂತಿ ಮತ್ತು 1ನೇ ತಂತಿ ಮೊಳಗದ ಹಾಗೆ ಎಡಗೈ ಬೆರಳನ್ನು ತಾಗಿಸಿಕೊಳ್ಳಿ.

2ನೇ ತಂತಿಯ 3ನೇ ಫ್ರೆಟ್ ಸ. 15ನೇ ಫ್ರೆಟ್ ಮೇಲಿನ ಸ. ಮೇಜರ್, ಅಂದರೆ 29ನೇ ಮೇಳ (ಏಳೂ ಸ್ವರ ಇರುವ ಮೂಲ ರಾಗ) ಧೀರಶಂಕರಾಭರಣ: 3, 5, 7, 8, 10, 12, 14, 15. ಇದನ್ನು ಎರಡು ದಿನ ನುಡಿಸಿ. ಪ್ರತಿ ಸ್ವರದ ಮೇಲೂ ನಿಲ್ಲಿ. ಮೆಟ್ರೊನೋಮ್ ಬೇಡ.

ಮೂರನೇ ದಿನ ಒಂದೇ ಒಂದು ಸ್ವರ ಬದಲಿಸಿ. 7ರ ಬದಲು 6. ಗಾಂಧಾರ ಒಂದು ಫ್ರೆಟ್ ಕೆಳಗೆ ಬಂತು, ಉಳಿದದ್ದು ಹಾಗೇ ಇದೆ. ಇದು 23ನೇ ಮೇಳ ಗೌರಿಮನೋಹರಿ. ಆಮೇಲೆ 14ನ್ನೂ 13 ಮಾಡಿ. ಅದೇ ಡೋರಿಯನ್, ನಮ್ಮ ಖರಹರಪ್ರಿಯ: 3, 5, 6, 8, 10, 12, 13, 15. ಅಲ್ಲಿಂದ 12ನ್ನು 11 ಮಾಡಿದರೆ ನ್ಯಾಚುರಲ್ ಮೈನರ್, ನಠಭೈರವಿ. ಕೊನೆಗೆ 5ನ್ನು 4 ಮಾಡಿ. ಅದು ಫ್ರಿಜಿಯನ್, ಹನುಮತೋಡಿಯ ಸ್ವರಗಳು. ಒಂದೊಂದೇ ದೀಪ ಆರಿಸುತ್ತಾ ಮನೆಯೊಳಗೆ ಹೋದ ಹಾಗೆ ಕೇಳಿಸುತ್ತದೆ ನನಗೆ. ನಿಮಗೆ ಬೇರೆ ಥರ ಕೇಳಿಸಬಹುದು. ಆದರೆ ಬದಲಾದದ್ದು ಖಂಡಿತ ಕೇಳಿಸುತ್ತದೆ.

ಹೊಸ ಸ್ವರ ಬಂದ ದಿನ ಅದರ ಮೇಲೇ ಜಾಸ್ತಿ ಹೊತ್ತು ಇರಿ. ಹಾಡಿ ಕೂಡ. ಧ್ವನಿ ಚೆನ್ನಾಗಿಲ್ಲ ಅಂತ ಬಿಡಬೇಡಿ. ಬಾಯಲ್ಲಿ ಹಿಡಿದ ಸ್ವರ ಕಿವಿಯಲ್ಲಿ ಉಳಿಯುತ್ತದೆ.

ಆರುತಂತಿ (ಶುಕ್ರವಾರ, ರಾತ್ರಿ 9:10)

ಮೇಡಂ, ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. 7ರಿಂದ 6ಕ್ಕೆ ಬಂದಾಗ ಎದೆಯೊಳಗೆ ಏನೋ ಇಳಿದ ಹಾಗಾಯಿತು. ಅದೇ ಗಿಟಾರ್, ಅದೇ ಕೋಣೆ. ಎರಡು ವರ್ಷದಿಂದ ಮೈನರ್ ಕಾರ್ಡ್ ಹಿಡಿಯುತ್ತಿದ್ದೇನೆ, ಇಷ್ಟು ಸ್ಪಷ್ಟವಾಗಿ ಯಾವತ್ತೂ ಕೇಳಿಸಿರಲಿಲ್ಲ.

ಈಗ ಒಂದು ಹೊಸ ತೊಂದರೆ. ಮೇಜರ್‌ನಲ್ಲಿ 7ನೇ ಫ್ರೆಟ್ ಮೇಲೆ ನಿಂತರೆ ನಾದ ನಡುಗುತ್ತದೆ. ವುಂ ವುಂ ವುಂ ಅಂತ ಬೇಗ ಬೇಗ. ಖುಷಿ ಸ್ವರ ಅಂತೀರಿ, ನನಗೆ ಅದು ಕಿರಿಕಿರಿ ಕೊಡುತ್ತಿದೆ. ಟ್ಯೂನರ್‌ನಲ್ಲಿ ಆರೂ ತಂತಿ ಸರಿ ಇವೆ.

ಶ್ರುತಿಪೆಟ್ಟಿಗೆ (ಶನಿವಾರ, ಬೆಳಿಗ್ಗೆ 7:15)

ಅದು ಕೇಳಿಸಿತಲ್ಲ, ಬಹಳ ಸಂತೋಷ. ಶ್ರುತಿ ಇಲ್ಲದೆ ನುಡಿಸಿದ್ದರೆ ಅದು ನಿಮಗೆ ಗೊತ್ತೇ ಆಗುತ್ತಿರಲಿಲ್ಲ.

ಕೆಳಗಿನ ಡಿ ತಂತಿಯೊಳಗೇ ಒಂದು ಗಾಂಧಾರ ಇದೆ. ತಂಬೂರಿಯಲ್ಲಿ ತಾನಾಗಿ ಕೇಳುವ ಈ ಅಂತರ ಗಾಂಧಾರಕ್ಕೆ (ಮೇಜರ್‌ನ ಗ) ಸ್ವಯಂಭೂ ಎನ್ನುತ್ತಾರೆ. 6ನೇ ತಂತಿಯನ್ನು 4ನೇ ಫ್ರೆಟ್‌ಗೆ ಕೂದಲೆಳೆ ಹಿಂದೆ ಒತ್ತದೆ ಬರೀ ತಾಗಿಸಿ ಮೀಟಿ. ಗಂಟೆಯ ಹಾಗೆ ಒಂದು ತೆಳು ಸ್ವರ ಬರುತ್ತದೆ. ಅದೇ. ಸುಮಾರು 367 ಹರ್ಟ್ಸ್. ಆದರೆ 2ನೇ ತಂತಿಯ 7ನೇ ಫ್ರೆಟ್ ಕೊಡುವುದು 370. ಗಿಟಾರಿನ ಫ್ರೆಟ್‌ಗಳು ಸ ಇಂದ ಮೇಲಿನ ಸ ವರೆಗೆ ಹನ್ನೆರಡು ಸಮ ಪಾಲು. ಆ ಲೆಕ್ಕದಲ್ಲಿ ಅಂತರ ಗಾಂಧಾರ 14 ಸೆಂಟ್ ಮೇಲೆ ಹೋಗುತ್ತದೆ (ಒಂದು ಫ್ರೆಟ್‌ನ ಅಂತರ ಅಂದರೆ ನೂರು ಸೆಂಟ್). ಎರಡೂ ಒಟ್ಟಿಗೆ ಮೊಳಗಿದಾಗ ಸೆಕೆಂಡಿಗೆ ಸುಮಾರು ಮೂರು ಅಲೆ ಬರಬೇಕು. ಸರಿ ಇರುವ ಗಿಟಾರಿನಲ್ಲೂ ಅಷ್ಟು ಇರುತ್ತದೆ.

ನಿಮ್ಮದು ಎಷ್ಟು, ಎಣಿಸಿ ನೋಡಿ.

ಆರುತಂತಿ (ಶನಿವಾರ, ಬೆಳಿಗ್ಗೆ 10:40)

ಐದು, ಕೆಲವು ಸಲ ಆರು.

ಫ್ರೆಟ್‌ಗೆಳೆಯ (ಶನಿವಾರ, ಬೆಳಿಗ್ಗೆ 11:05)

ಹಾಗಾದರೆ ಇಂಟೊನೇಶನ್, ಅಂದರೆ ಫ್ರೆಟ್ ಒತ್ತಿದಾಗಲೂ ಸ್ವರ ಸರಿ ಬರುತ್ತದಾ ಅಂತ, ನೋಡಬೇಕು. 2ನೇ ತಂತಿಯ 12ನೇ ಫ್ರೆಟ್ ಮೇಲೆ ಹಾರ್ಮೋನಿಕ್ (ಒತ್ತದೆ ಬರೀ ತಾಗಿಸಿ) ಮೀಟಿ, ಆಮೇಲೆ ಅದೇ ಫ್ರೆಟ್ ಒತ್ತಿ ಮೀಟಿ. ಟ್ಯೂನರ್‌ನಲ್ಲಿ ಎರಡೂ ಒಂದೇ ತೋರಿಸಬೇಕು. ಒತ್ತಿದ್ದು ಮೇಲೆ ಹೋದರೆ ಮೊದಲು ತಂತಿ ಬದಲಿಸಿ. ಎಷ್ಟು ದಿನ ಆಯಿತು ಹಾಕಿ? ಹಳೇ ತಂತಿ ಬೆವರು, ಕೊಳೆ ಹಿಡಿದು ಒಂದೊಂದು ಕಡೆ ಒಂದೊಂದು ಥರ ಆಗಿರುತ್ತದೆ. ಮತ್ತೆ ಜೋರಾಗಿ ಒತ್ತಬೇಡಿ. ತಂತಿ ಜಾಸ್ತಿ ಬಿಗಿದರೆ ಸ್ವರ ಏರುತ್ತದೆ. ಹೊಸ ತಂತಿ ಹಾಕಿಯೂ ಹಾಗೇ ಇದ್ದರೆ ಆಮೇಲೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಕಡೆ ನೋಡೋಣ. ಅಕೂಸ್ಟಿಕ್‌ನಲ್ಲಿ ಅದನ್ನು ನೀವೇ ಉಜ್ಜಲು ಹೋಗಬೇಡಿ, ರಿಪೇರಿ ಮಾಡುವವರಿಗೆ ಕೊಡಿ.

ಧಾರವಾಡದ ಸಿತಾರ್ (ಶನಿವಾರ, ಮಧ್ಯಾಹ್ನ 3:20)

ಓದಿ ಖುಷಿ ಆಯಿತು. ನಾನು ಸಿತಾರ್ ನುಡಿಸುವವನು, ಒಂದು ಮಾತು ಸೇರಿಸುತ್ತೇನೆ. ಹಿಂದೂಸ್ತಾನಿಯಲ್ಲಿ ಮೇಜರ್ ಬಿಲಾವಲ್ ಥಾಟ್ (ರಾಗಗಳ ಮೂಲ ಸ್ವರಪಟ್ಟಿ), ಡೋರಿಯನ್ ಕಾಫಿ, ಫ್ರಿಜಿಯನ್ ಭೈರವಿ. ಆದರೆ ಥಾಟ್ ಗೊತ್ತಾದ ತಕ್ಷಣ ರಾಗ ಗೊತ್ತಾಗಲಿಲ್ಲ.

ಭೂಪ್ ಮತ್ತು ದೇಶಕಾರ್ ನೋಡ್ರಿ. ಎರಡಕ್ಕೂ ಸ ರಿ ಗ ಪ ದ, ಅವೇ ಐದು ಸ್ವರ. ನಿಮ್ಮ ಲೆಕ್ಕದಲ್ಲಿ 3, 5, 7, 10, 12, 15. ಭೂಪ್‌ಗೆ ಗಾಂಧಾರ ವಾದಿ, ಅಂದರೆ ಮುಖ್ಯ ಸ್ವರ. ರಾತ್ರಿಯ ಮೊದಲ ಪ್ರಹರದ ರಾಗ. ದೇಶಕಾರ್‌ಗೆ ಧೈವತ ವಾದಿ. ಅದು ಬೆಳಗಿನ ರಾಗ, ಮೇಲಿನ ಅರ್ಧದಲ್ಲೇ ಜಾಸ್ತಿ ಓಡಾಡುತ್ತದೆ. ಒಂದು ಸಲ 7ಕ್ಕೆ ಬಂದು ಬಂದು ನಿಲ್ಲಿ. ಇನ್ನೊಂದು ಸಲ 12ಕ್ಕೆ ಹೋಗಿ ಹೋಗಿ ನಿಲ್ಲಿ, 10ಕ್ಕೆ ಇಳಿಯಿರಿ. ಸ್ವರ ಒಂದೂ ಬದಲಾಗಿಲ್ಲ. ಆದರೂ ಒಂದು ಸಮಾಧಾನ ಕೊಡುತ್ತದೆ, ಇನ್ನೊಂದು ಎದ್ದು ನಿಲ್ಲಿಸುತ್ತದೆ. ಸ್ಕೇಲಿನ ಪಟ್ಟಿ ಒಂದೇ ಸಾಲದು, ಎಲ್ಲಿ ಕೂತೆವು ಅನ್ನುವುದೂ ಕೇಳಿಸಬೇಕು.

ಶ್ರುತಿಪೆಟ್ಟಿಗೆ (ಶನಿವಾರ, ಸಂಜೆ 6:30)

ಧಾರವಾಡದ ಸರ್ ಹೇಳಿದ್ದು ನಿಜ. ನಾನು ಮೊದಲೇ ಬರೆಯಬೇಕಿತ್ತು. ಫ್ರಿಜಿಯನ್ ನುಡಿಸಿ ತೋಡಿ ನುಡಿಸಿದೆ ಅಂದುಕೊಳ್ಳಬೇಡಿ. ತೋಡಿಯ ಗಾಂಧಾರ ಒಂದು ಫ್ರೆಟ್ ಮೇಲೆ ಸುಮ್ಮನೆ ಕೂರುವುದಿಲ್ಲ, ಅದು ತೂಗುತ್ತದೆ. ಗಿಟಾರಿನಲ್ಲಿ ಅದಕ್ಕೆ ತಂತಿ ಎಳೆಯಬೇಕು, ಜಾರಿಸಬೇಕು.

ಎಳೆಯುವ ಮಾತು ಬಂದಾಗ ಒಂದು ಚಿಕ್ಕ ಪ್ರಯೋಗ. ಮೈನರ್‌ನ ಗಾಂಧಾರ, ಅಂದರೆ 6ನೇ ಫ್ರೆಟ್, ಶುದ್ಧ ಲೆಕ್ಕಕ್ಕಿಂತ 16 ಸೆಂಟ್ ಕೆಳಗಿರುತ್ತದೆ. ತಂತಿಯನ್ನು ಸ್ವಲ್ಪವೇ ಸ್ವಲ್ಪ ಮೇಲೆ ತಳ್ಳಿ. ಒಂದು ಜಾಗದಲ್ಲಿ ಅದು ಶ್ರುತಿಗೆ ಅಂಟಿಕೊಳ್ಳುತ್ತದೆ. ದುಃಖ ಮೆತ್ತಗಾಗುತ್ತದೆ. 7ನೇ ಫ್ರೆಟ್‌ನಲ್ಲಿ ಹಾಗೆ ಮಾಡಲು ಬರುವುದಿಲ್ಲ, ಅದು ಇಳಿಯಬೇಕಾದ ಸ್ವರ, ತಂತಿ ತಳ್ಳಿದರೆ ಏರುತ್ತದೆ. ಬೇಕಿದ್ದರೆ 6ನೇ ಫ್ರೆಟ್‌ನಿಂದಲೇ ತಳ್ಳುತ್ತಾ ಹೋಗಿ, 7ರ ಸ್ವರ ತಲುಪುವ ಸ್ವಲ್ಪ ಮೊದಲು ನಿಲ್ಲಿಸಿ. ಆ ಗಾಂಧಾರ ಕೇಳಿದ ಮೇಲೆ ಫ್ರೆಟ್‌ನದು ಒರಟು ಅನ್ನಿಸಿದರೆ ಆಶ್ಚರ್ಯ ಇಲ್ಲ.

ಆರುತಂತಿ (ಬುಧವಾರ, ರಾತ್ರಿ 9:55)

ತಂತಿ ಒಂದು ವರ್ಷ ಹಳೆಯದಾಗಿತ್ತು. ಹೊಸ ಸೆಟ್ ಹಾಕಿದೆ. ಈಗ 12ನೇ ಫ್ರೆಟ್ ಸರಿಯಾಗಿದೆ. 7ರ ಮೇಲೆ ಅಲೆ ಎಣಿಸಿದೆ, ಮೂರು. ಕಿರಿಕಿರಿ ಹೋಯಿತು.

ಇನ್ನೊಂದು ವಿಷಯ ಹೇಳಲೇಬೇಕು. ಇವತ್ತು ಸಂಜೆ ಮೇಜರ್‌ನಲ್ಲಿ ರಿ ಮತ್ತು ದ ಎರಡನ್ನೂ ಒಂದೊಂದು ಫ್ರೆಟ್ ಇಳಿಸಿದರೆ ಏನಾಗುತ್ತದೆ ಅಂತ ನೋಡುತ್ತಿದ್ದೆ. 3, 4, 7, 8, 10, 11, 14, 15. ಎರಡು ಸಲ ಹೋಗಿ ಬಂದಿರಬೇಕು. ಅಡುಗೆಮನೆಯಿಂದ ಅಮ್ಮ "ಸರಿಗಮ ಪದನಿಸ, ಸನಿದಪ ಮಗರಿಸ" ಅಂತ ಜೊತೆಗೆ ಹೇಳುತ್ತಾ ಬಂದರು. ಕೈಯಲ್ಲಿ ಸೌಟು ಹಾಗೇ ಇತ್ತು. ಚಿಕ್ಕವರಿದ್ದಾಗ ಎರಡು ವರ್ಷ ಪಾಠಕ್ಕೆ ಹೋಗಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. "ಇದು ಮಾಯಾಮಾಳವಗೌಳ ಕಣೋ, ಸರಳೆ ವರಸೆ ಇದರಲ್ಲೇ ಹೇಳಿಕೊಡುತ್ತಾರೆ" ಅಂದರು. ಆಮೇಲೆ ಇಬ್ಬರೂ ಕೂತು ಒಂದು ಗಂಟೆ ನುಡಿಸಿದೆವು. ಅವರಿಗೆ ಅದು ಬೆಳಗಿನ ಜಾವ, ತಣ್ಣೀರು, ಪಾಠದ ಮನೆಯ ಚಾಪೆ. ನನಗೆ ಅದೇ ಸ್ವರಗಳು ಯಾವುದೋ ಮರುಭೂಮಿಯ ಸಿನಿಮಾ ಹಾಗೆ ಕೇಳಿಸುತ್ತಿದ್ದವು. ಅಮ್ಮ ಹಾಡಿದ ಮೇಲೆ ಹಾಗೆ ಕೇಳಿಸುತ್ತಿಲ್ಲ.

ಆದರೆ ಅಮ್ಮನಿಗೆ ಡಿ ತುಂಬ ಕೆಳಗಾಗುತ್ತದೆ. ಮಂದ್ರದಲ್ಲಿ ಹಾಡಿದ ಹಾಗೆ ಆಗಿ ಸುಸ್ತಾಗುತ್ತಾರೆ. ಏನು ಮಾಡಲಿ?

ಶ್ರುತಿಪೆಟ್ಟಿಗೆ (ಬುಧವಾರ, ರಾತ್ರಿ 10:20)

5ನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಯನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಡಿ ಇದ್ದದ್ದು ಜಿ ಆಗುತ್ತದೆ. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಅಲ್ಲಿ ಹಾಡಲು ಹಿತ. ಕ್ಯಾಪೊ ಪೂರ್ತಿ ನೇರ ಕೂತಿದೆಯಾ ನೋಡಿ, ಹಾಕಿದ ಮೇಲೆ ಮತ್ತೆ ಶ್ರುತಿ ಮಾಡಿ. ಫ್ರೆಟ್ ಲೆಕ್ಕ ಕ್ಯಾಪೊ ಇಂದ ಶುರು. ಮೇಲಿನ ಸ ಗೆ ಕೈ ಹೋಗುವುದಿಲ್ಲ, ಪಂಚಮದವರೆಗೆ ಸಾಕು. ಮೇಲಿನದನ್ನು ಅಮ್ಮ ಹಾಡಲಿ. ಮತ್ತೆ ಅವರ ಅಳತೆ ಎಲ್ಲಿ ಅಂತ ಅವರನ್ನೇ ಕೇಳಿ. 4 ಬೇಕು ಅಂದರೆ 4, 6 ಅಂದರೆ 6.

ಮುಂದಿನ ವಾರ ಮೇಜರ್‌ನ 8ನ್ನು 9 ಮಾಡಿ ನುಡಿಸಿ. ಲಿಡಿಯನ್. ಹೆಸರು ಹೇಳಬೇಡಿ, ಅಮ್ಮ ಏನು ಹಾಡುತ್ತಾರೆ ನೋಡಿ.