ಸಹಾಯ ಬೇಕು: ಹೊಳೆಮತ್ತಿ ತೊಗಟೆಯಲ್ಲಿನ ಟ್ಯಾನಿನ್ ಅಳೆಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾಟಿ ವೈದ್ಯರು ಹೃದಯದ ಕಷಾಯಕ್ಕೆ ಬಳಸುವ ಹೊಳೆಮತ್ತಿಯ, ಅಂದರೆ ಅರ್ಜುನ ಮರದ, ತೊಗಟೆಯನ್ನು ಗಂಗಾವತಿ ಸಮೀಪದ ತುಂಗಭದ್ರಾ ದಂಡೆಯಿಂದ ತಂದು, ನೆರಳಿನಲ್ಲಿ ಒಣಗಿಸಿ, ಶೇ. 70ರ ಎಥನಾಲ್‌ನಲ್ಲಿ ಸಾರ ತೆಗೆದು, ಫೋಲಿನ್-ಸಿಯೋಕಾಲ್ಟು ವಿಧಾನದಿಂದ (ಫೀನಾಲ್ ಹೆಚ್ಚಿದಷ್ಟೂ ನೀಲಿ ಬಣ್ಣ ಗಾಢವಾಗುವ ಪರೀಕ್ಷೆ) ಒಟ್ಟು ಫೀನಾಲ್, ಅಂದರೆ ಒಗರು ಕೊಡುವ ಟ್ಯಾನಿನ್ ಕೂಡ ಸೇರಿರುವ ಸಂಯುಕ್ತಗಳ ಗುಂಪನ್ನು, ಅಳೆಯುತ್ತಿದ್ದೇನೆ. ಹೋಲಿಕೆಗೆ ಬಳಸುವ, ಪ್ರಮಾಣ ಗೊತ್ತಿರುವ ಗ್ಯಾಲಿಕ್ ಆಮ್ಲದ ದ್ರಾವಣಗಳು ಬೆಳಕಿನ ತರಂಗಾಂತರ 765 ನ್ಯಾನೋಮೀಟರ್‌ನಲ್ಲಿ ಸರಿಯಾದ ಸರಳರೇಖೆಯನ್ನೇ ಕೊಡುತ್ತವೆ. ಆದರೆ ಕೆಂಗಂದು ಸಾರಕ್ಕೆ ಸೋಡಿಯಂ ಕಾರ್ಬೊನೇಟ್ ಬೆರೆಸಿದಾಗ ನೀಲಿ ಬಣ್ಣದೊಂದಿಗೆ ಮಬ್ಬೂ ಕಾಣಿಸಿಕೊಂಡು, ಅಳತೆ ಒಂದೇ ಕಡೆ ನಿಲ್ಲುವುದಿಲ್ಲ. ಸಾರವನ್ನು ಇನ್ನಷ್ಟು ತೆಳುಗೊಳಿಸಬೇಕೇ, ಸೆಂಟ್ರಿಫ್ಯೂಜ್ ಮಾಡಿದರೆ ಸಾಕೇ?

ಈ ವಿಧಾನ ಸಕ್ಕರೆಯಂತಹ ಇತರ ಅಪಕರ್ಷಕಗಳನ್ನೂ (ಎಲೆಕ್ಟ್ರಾನ್ ಬಿಟ್ಟುಕೊಡುವ ವಸ್ತುಗಳನ್ನೂ) ಲೆಕ್ಕಕ್ಕೆ ಹಿಡಿಯುವುದರಿಂದ ಆ ಅಂಕಿಯೊಂದನ್ನೇ ನಂಬುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಟ್ಯಾನಿನ್ ಅನ್ನು ಹಿಡಿದಿಟ್ಟುಕೊಳ್ಳುವ ಪುಡಿಯಾದ ಪಾಲಿವಿನೈಲ್‌ಪಾಲಿಪಿರೊಲಿಡೋನ್ ಬಳಸಿ ಟ್ಯಾನಿನ್ ಬೇರ್ಪಡಿಸಿದವರು ದಯವಿಟ್ಟು ಪ್ರಮಾಣ ತಿಳಿಸಿ. ಇದೇ ತೊಗಟೆಯಲ್ಲಿರುವ ಅರ್ಜುನಾಲಿಕ್ ಆಮ್ಲವು ಫೀನಾಲ್ ಅಲ್ಲ, ಟ್ರೈಟರ್ಪೀನ್ ಎಂಬ ಬೇರೆ ಗುಂಪಿನದು ಆದ್ದರಿಂದ ಅದಕ್ಕೆ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಬೇಕು. ರಾಯಚೂರು, ಬಳ್ಳಾರಿ ಕಡೆ ಹೊರಗಿನವರ ಮಾದರಿ ಪರೀಕ್ಷಿಸಿಕೊಡುವ ಪ್ರಯೋಗಾಲಯವಿದ್ದರೆ ತಿಳಿಸಬೇಕಾಗಿ ವಿನಂತಿ.