ಎ356 + ಸಿಲಿಕಾನ್ ಕಾರ್ಬೈಡ್ ಮಾಡೆಲ್‌ನಲ್ಲಿ ಸ್ಟ್ರೆಸ್ 1700! ಯಾರಾದರೂ ನೋಡಿ

ಹೇಮಾವತಿ_ದಡ (ಹಾಸನ): ಮೂರು ವಾರದಿಂದ ಇದೇ ಗೋಳು. ಕಾಫಿ ಪಲ್ಪರ್ ಬುಷ್‌ಗೆಂದು ಎ356 ಎಂಬ ಎರಕದ ಅಲ್ಯೂಮಿನಿಯಂಗೆ 15% ಸಿಲಿಕಾನ್ ಕಾರ್ಬೈಡ್ ಪುಡಿ ಕಲಸಿ ಎರಕ ಹೊಯ್ದಿದ್ದೇವೆ. ಅಬಾಕಸ್ ಸಾಫ್ಟ್‌ವೇರ್‌ನಲ್ಲಿ ಅದರ ಮಾಡೆಲ್ ತಣಿಸಿದರೆ ಕಣದ ಪಕ್ಕದ ಅಲ್ಯೂಮಿನಿಯಂನಲ್ಲಿ ವಾನ್ ಮೈಸಸ್ (ಎಲ್ಲ ದಿಕ್ಕಿನ ಸ್ಟ್ರೆಸ್ ಸೇರಿಸಿ ತೆಗೆಯುವ ಒಂದೇ ಅಂಕಿ) 1700 ಎಂಪಿಎ (ಮೆಗಾಪ್ಯಾಸ್ಕಲ್). ನಿಜವಾದ ಪೀಸ್ ಎಕ್ಸ್‌ರೇಯಲ್ಲಿ ಅಳೆದರೆ ಮೈನಸ್ 60, ಅಂದರೆ ಒತ್ತಡ (ಪ್ಲಸ್ ಆದರೆ ಎಳೆತ). ಎಲ್ಲಾ ಸರಿಯಾಗಿಯೇ ಕೊಟ್ಟಿದ್ದೇನೆ.

ಗಿರಿ_77 (ಚಿಕ್ಕಮಗಳೂರು): ಮೆಶ್ (ಮಾಡೆಲ್ ಅನ್ನು ಸಣ್ಣ ಎಲಿಮೆಂಟ್‌ಗಳಾಗಿ ಒಡೆದ ಜಾಲ) ಸಮಸ್ಯೆ. ಕಣದ ಮೂಲೆ ಚೂಪಾಗಿದ್ದರೆ ಹೀಗೇ ಆಗುತ್ತೆ.

ಹೇಮಾವತಿ_ದಡ: ಕಣ ಗುಂಡಗಿದೆ. ಮೆಶ್ ಅರ್ಧಕ್ಕೆ ಇಳಿಸಿದೆ. 1720.

ಗಿರಿ_77: ಇನ್ನೂ ಸಣ್ಣದು ಮಾಡಿ. ನಾನು 64 ಜಿಬಿ ರ‍್ಯಾಮ್ ಹಾಕಿಸಿದ್ದೇನೆ. 20 ಲಕ್ಷ ಎಲಿಮೆಂಟ್ ರಾತ್ರಿ ಹಚ್ಚಿ ಮಲಗಿದರೆ ಬೆಳಗಿನ ಕಾಫಿ ಹೊತ್ತಿಗೆ ಮುಗಿದಿರುತ್ತೆ.

ಬೇಲೂರು_ಲೇತ್: ಮೆಶ್ ಬಿಡಿ ಸಾರ್. ಯಾವ ಉಷ್ಣಾಂಶದಿಂದ ತಣಿಸಿದಿರಿ? ಯೀಲ್ಡ್ (ಲೋಹ ಶಾಶ್ವತವಾಗಿ ಬಾಗಲು ಶುರುವಾಗುವ ಸ್ಟ್ರೆಸ್) ಕೊಟ್ಟಿದ್ದೀರಾ?

ಹೇಮಾವತಿ_ದಡ: ಹೊಯ್ದದ್ದು 720 ಡಿಗ್ರಿಯಲ್ಲಿ, ಅಲ್ಲಿಂದಲೇ. ಯೀಲ್ಡ್ ಇಲ್ಲ. ಇ (ಲೋಹದ ಬಿಗುವು), ಪಾಯ್ಸನ್ (ಎಳೆದಾಗ ಅಡ್ಡಕ್ಕೆ ಕುಗ್ಗುವ ಪ್ರಮಾಣ), ಆಲ್ಫಾ (ಬಿಸಿಗೆ ಹಿಗ್ಗುವ ಪ್ರಮಾಣ) ಅಷ್ಟೇ. ಅದೆಲ್ಲ ಹೇಳಬೇಕಿತ್ತಾ?

ಬೇಲೂರು_ಲೇತ್: ಗಂಟು ಅಲ್ಲೇ ಇದೆ. ಅಲ್ಯೂಮಿನಿಯಂ ಆಲ್ಫಾ ಸುಮಾರು 23, ಕಾರ್ಬೈಡ್‌ದು 4 ಚಿಲ್ಲರೆ, ಡಿಗ್ರಿಗೆ ಹತ್ತು ಲಕ್ಷದಲ್ಲಿ ಒಂದು ಭಾಗದ ಲೆಕ್ಕದಲ್ಲಿ. 700 ಡಿಗ್ರಿ ಇಳಿದರೆ ಎರಡರ ಕುಗ್ಗುವಿಕೆಯಲ್ಲಿ ಶೇ 1.3 ವ್ಯತ್ಯಾಸ. ಎರಕದ ಅಲ್ಯೂಮಿನಿಯಂ ಶೇ 0.2ರ ಆಸುಪಾಸಿನಲ್ಲೇ ಬಾಗಿಕೊಡುತ್ತೆ. ನಿಮ್ಮ ಮಾಡೆಲ್ ಬಾಗಲು ಬಿಡುತ್ತಿಲ್ಲ, ಅಲ್ವಾ? 720ರಲ್ಲಂತೂ ಅದು ದ್ರವ. ಪೂರ್ತಿ ಗಟ್ಟಿಯಾಗುವುದು ಸುಮಾರು 555ಕ್ಕೆ. ಅಲ್ಲಿಂದ ಶುರು ಮಾಡಿ, ಉಷ್ಣಾಂಶಕ್ಕೆ ತಕ್ಕ ಯೀಲ್ಡ್ ಕೊಡಿ. ಆಲ್ಫಾ ಟೇಬಲ್ 20 ಡಿಗ್ರಿಯಿಂದ ಅಳೆದದ್ದಾದರೆ ಅಬಾಕಸ್‌ನ ಎಕ್ಸ್‌ಪಾನ್ಷನ್ ಸೆಟ್ಟಿಂಗ್‌ನಲ್ಲಿ ರೆಫರೆನ್ಸ್ 20 ಎಂದೇ ಹಾಕಿ.

ಗಿರಿ_77: 300ರ ಮೇಲೆ ಕ್ರೀಪ್ (ಬಿಸಿಯಲ್ಲಿ ಲೋಹ ನಿಧಾನಕ್ಕೆ ಜಗ್ಗುವುದು) ಹಾಕದಿದ್ದರೆ ಅದೂ ತಪ್ಪೇ.

ಬೇಲೂರು_ಲೇತ್: ಆಗ ಯೀಲ್ಡೇ ತೀರಾ ಕಮ್ಮಿ. ಕ್ರೀಪ್‌ನಿಂದ ಕೊನೆಯ ಉತ್ತರ ಜಾಸ್ತಿ ಬದಲಾಗಲ್ಲ.

ಗಿರಿ_77: ನಿಧಾನಕ್ಕೆ ತಣಿದ ಪೀಸ್‌ಗೆ ಆಗುತ್ತೆ. ಮೋಲ್ಡ್ ಮರಳಿನದೋ ಕಬ್ಬಿಣದ್ದೋ ಅವರು ಹೇಳೇ ಇಲ್ಲ.

ಹೇಮಾವತಿ_ದಡ: ಮೈಸಸ್ 130ಕ್ಕೆ ಇಳಿಯಿತು! ತುಂಬಾ ಥ್ಯಾಂಕ್ಸ್. ಸರಾಸರಿ ಅಲ್ಯೂಮಿನಿಯಂನಲ್ಲಿ ಎಳೆತ 30, ಕಣದಲ್ಲಿ ಒತ್ತಡ 170.

ಬೇಲೂರು_ಲೇತ್: 85% ಅಲ್ಯೂಮಿನಿಯಂನ ಎಳೆತ 0.85 × 30, 15% ಕಣದ ಒತ್ತಡ 0.15 × 170. ಎರಡೂ 25.5, ಸರಿದೂಗಿತು. ಬಲಗಳ ಲೆಕ್ಕವಾದರೂ ಸರಿಯಿದೆ.

ಹೇಮಾವತಿ_ದಡ: ಆದರೆ ಎಕ್ಸ್‌ರೇಯಲ್ಲಿ ಅಲ್ಯೂಮಿನಿಯಂನದೇ ಪೀಕ್ (ಕಣದ್ದಲ್ಲ) ನೋಡಿದರೂ ಮೈನಸ್ 60. ಚಿಹ್ನೆಯೇ ಉಲ್ಟಾ!

ಬೇಲೂರು_ಲೇತ್: ಅಳೆಯುವ ಮುಂಚೆ ಮೇಲ್ಮೈಗೆ ಏನು ಮಾಡಿದಿರಿ?

ಹೇಮಾವತಿ_ದಡ: ಎಮರಿ ಪೇಪರ್‌ನಲ್ಲಿ ಕನ್ನಡಿ ಥರ ಹೊಳೆಯುವವರೆಗೆ ಉಜ್ಜಿದೆ. ಅದೂ ಹೇಳಬೇಕಿತ್ತಾ?

ಬೇಲೂರು_ಲೇತ್: ಎಕ್ಸ್‌ರೇ ಒಳಹೋಗುವುದು ಕೆಲವೇ ಹತ್ತು ಮೈಕ್ರಾನ್. ಉಜ್ಜಿದಾಗ ಆ ಪದರವೇ ಒತ್ತಡಕ್ಕೆ ಸಿಕ್ಕಿರುತ್ತೆ. ಎಲೆಕ್ಟ್ರೋಪಾಲಿಶ್ (ಉಜ್ಜದೆ ವಿದ್ಯುತ್ತಿನಿಂದ ಮೇಲ್ಪದರ ಕರಗಿಸುವುದು) ಮಾಡಿ ಆ ಪದರ ತೆಗೆದು, ಮತ್ತೆ ಅಳೆದು ಇಲ್ಲೇ ಹಾಕಿ.